ಊರಿಂದ ವಿಟಮಿನ್, ಚೂರ್ಣ ಪಾರ್ಸೆಲ್ ತರಿಸಬಹುದಾ? ಜರ್ಮನಿಯಲ್ಲಿ ಇರುವವರು ಹೇಳಿ

ಹಾಸನ_ಟು_ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದ ಮೇಲೆ ಇದು ನನಗೆ ಮೊದಲ ಚಳಿಗಾಲ. ಬೆಳಿಗ್ಗೆ ಎಂಟಕ್ಕೆ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲೆ. ಆಫೀಸಿಗೆ ಹೋಗುವಾಗಲೂ ಬರುವಾಗಲೂ ಸೂರ್ಯನ ಮುಖ ಕಾಣುವುದಿಲ್ಲ. ಊರಲ್ಲಿದ್ದಾಗಲೇ ನನಗೆ ವಿಟಮಿನ್ ಡಿ ಕಡಿಮೆ ಇತ್ತು, ಡಾಕ್ಟರ್ ವಾರಕ್ಕೊಂದು 60,000 ಐಯು (ಅಂತಾರಾಷ್ಟ್ರೀಯ ಅಳತೆ ಘಟಕ) ಸ್ಯಾಶೆ ಬರೆದಿದ್ದರು. ಇಲ್ಲಿ ಅಂಗಡಿಯಲ್ಲಿ ನೋಡಿದರೆ ಎಲ್ಲಾ 800, 1000 ಅಂತ ಇದೆ, ಇದೇನು ಮಕ್ಕಳ ಡೋಸಾ?

ಅಮ್ಮ ಹಾಸನದಿಂದ ಸ್ಪೀಡ್ ಪೋಸ್ಟ್ ಮಾಡುತ್ತೇನೆ ಅಂತ ಡಬ್ಬ ಕಟ್ಟಿ ಕೂತಿದ್ದಾರೆ. ಅದರಲ್ಲಿ ಡಿ ಸ್ಯಾಶೆ, ಬಿ12 ಮಾತ್ರೆ, ಅಶ್ವಗಂಧ, ತ್ರಿಫಲ ಚೂರ್ಣ, ಜೊತೆಗೆ ಅತ್ತೆ ಕೊಟ್ಟ ಒಂದು ಲೇಹ್ಯ, ಅದಕ್ಕೆ ಲೇಬಲ್ಲೇ ಇಲ್ಲ. ಇದೆಲ್ಲ ಕಾನೂನು ಪ್ರಕಾರ ಬರುತ್ತಾ? ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಗೊತ್ತಿರುವವರು ಹೇಳಿ.

ಫ್ರಾಂಕ್‌ಫರ್ಟ್_ಮಾವ

ಮೊದಲು ಆ ಡಬ್ಬ ಬಿಚ್ಚಿಸಮ್ಮ. ಪೋಸ್ಟ್ ಬೇಡವೇ ಬೇಡ.

ಇಲ್ಲಿ ಔಷಧ ಕಾಯ್ದೆಯ 73ನೇ ಸೆಕ್ಷನ್ ಅಂತ ಒಂದಿದೆ. ಯುರೋಪಿಯನ್ ಒಕ್ಕೂಟದ ಹೊರಗಿಂದ ಖಾಸಗಿ ವ್ಯಕ್ತಿಗೆ ಔಷಧ ಅಂಚೆಯಲ್ಲಿ ಬರುವ ಹಾಗೇ ಇಲ್ಲ. ಅದೇ ಔಷಧವನ್ನು ನೀನೇ ಪ್ರಯಾಣ ಮಾಡುವಾಗ ಬ್ಯಾಗಲ್ಲಿ ತಂದರೆ ಸ್ವಂತ ಬಳಕೆಗೆ ಬೇಕಾದಷ್ಟು ಬಿಡುತ್ತಾರೆ, ಲೆಕ್ಕ ಮೂರು ತಿಂಗಳ ಡೋಸ್. ಒಂದೇ ಸ್ಯಾಶೆ, ಒಂದೇ ಕಂಪನಿ, ಆದರೆ ಬರುವ ದಾರಿ ಬೇರೆಯಾದರೆ ಕಾನೂನೂ ಬೇರೆ. ಇದು ಗೊತ್ತಿಲ್ಲದೆ ನಮ್ಮವರು ವರ್ಷಾ ವರ್ಷಾ ಪಾರ್ಸೆಲ್ ಕಳೆದುಕೊಳ್ಳುತ್ತಾರೆ.

ಇದು ವಿಟಮಿನ್ ತಾನೇ, ಔಷಧ ಎಲ್ಲಿ ಅಂತ ಕೇಳಬಹುದು. ಅದನ್ನು ತೀರ್ಮಾನಿಸುವುದು ನಾವಲ್ಲ. ಡೋಸ್ ಜಾಸ್ತಿ ಇದ್ದರೆ, ಅಥವಾ ಪ್ಯಾಕೆಟ್ ಮೇಲೆ ಮಂಡಿನೋವು ಹೋಗುತ್ತದೆ, ಶುಗರ್ ಕಂಟ್ರೋಲ್ ಆಗುತ್ತದೆ ಅಂತ ಬರೆದಿದ್ದರೆ ಅದು ಇಲ್ಲಿ ಔಷಧದ ಲೆಕ್ಕಕ್ಕೇ ಹೋಗುತ್ತದೆ. ಊರಲ್ಲಿ ಅದನ್ನು ಕಿರಾಣಿ ಅಂಗಡಿಯಲ್ಲೇ ಮಾರಿರಲಿ, ಇವರಿಗೆ ಅದು ಸಂಬಂಧವಿಲ್ಲ. ಪಾರ್ಸೆಲ್ ನಿಂತರೆ ಮನೆಗೆ ಒಂದು ಕಾಗದ ಬರುತ್ತದೆ, ಕಸ್ಟಮ್ಸ್ ಕಚೇರಿಗೆ ಹೋಗಿ ಡಬ್ಬ ತೆರೆದು ತೋರಿಸಬೇಕು. ಔಷಧ ಅಂದರೆ ವಾಪಸ್ ಹೋಗುತ್ತದೆ, ಇಲ್ಲ ನಾಶ ಮಾಡುತ್ತಾರೆ.

ರೈನ್_ದಂಡೆ

ಮಾವ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. "ಗಿಫ್ಟ್ ಅಂತ ಬರೆದರೆ ಆಯ್ತು" ಅಂತ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ಆ 45 ಯೂರೋ ಗಿಫ್ಟ್ ಮಿತಿ ಇರುವುದು ತೆರಿಗೆಗೆ ಮಾತ್ರ. ತರಬಾರದ ವಸ್ತು 5 ಯೂರೋದ್ದಾದರೂ ತರಬಾರದ್ದೇ. ಇನ್ನು ದುಡ್ಡು ಕೊಟ್ಟು ಆನ್‌ಲೈನಲ್ಲಿ ಕೊಂಡರೆ ಅದು ಗಿಫ್ಟೂ ಅಲ್ಲ. 22 ಯೂರೋ ಒಳಗೆ ತೆರಿಗೆ ಇಲ್ಲ ಅನ್ನುವುದು 2021ರ ಜುಲೈಗೇ ಮುಗಿಯಿತು.

ಅಮೆರಿಕದ ಸೈಟ್‌ಗಳಿಂದ ತರಿಸುವವರಿಗೂ ಇದೇ ಕಥೆ. ಅಲ್ಲಿ ನಿದ್ದೆಗೆ ತೆಗೆದುಕೊಳ್ಳುವ ಮೆಲಟೋನಿನ್ 10 ಮಿಲಿಗ್ರಾಂ, ಡಿಎಚ್‌ಇಎ ಅನ್ನುವ ಹಾರ್ಮೋನ್ ಎಲ್ಲಾ ಸೂಪರ್‌ಮಾರ್ಕೆಟ್ಟಲ್ಲೇ ಸಿಗುತ್ತದೆ. ಇಲ್ಲಿ ಡಿಎಚ್‌ಇಎ ಡಾಕ್ಟರ್ ಚೀಟಿ ಇಲ್ಲದೆ ಕೊಡದ ಔಷಧ. ಸೈಟ್‌ನಲ್ಲಿ ಜರ್ಮನ್ ಭಾಷೆ, ಯೂರೋ ಬೆಲೆ ಎಲ್ಲಾ ಇರುತ್ತದೆ, ಸರಕು ಮಾತ್ರ ಹೊರಗಿಂದ ಬರುತ್ತದೆ. ಆರ್ಡರ್ ಮಾಡುವ ಮೊದಲು ಎಲ್ಲಿಂದ ಕಳಿಸುತ್ತಾರೆ ಅಂತ ನೋಡಿ.

ಔಷಧಿ_ಅಂಗಡಿ_ಅಕ್ಕ

ನಾನು ಸ್ಟುಟ್‌ಗಾರ್ಟ್ ಹತ್ತಿರ ಒಂದು ಅಪೋಥೆಕೆಯಲ್ಲಿ (ಔಷಧಿ ಅಂಗಡಿ) ಕೆಲಸ ಮಾಡುತ್ತೇನೆ, ಊರಲ್ಲಿ ಬಿ.ಫಾರ್ಮಾ. ಡೋಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಅಲ್ಲೇ.

800 ಅನ್ನುವುದು ಮಕ್ಕಳ ಡೋಸ್ ಅಲ್ಲ. ಇಲ್ಲಿನ ಅಪಾಯ ಅಂದಾಜು ಸಂಸ್ಥೆ ಬಿಎಫ್‌ಆರ್, ಪೂರಕಗಳಲ್ಲಿ (ಸಪ್ಲಿಮೆಂಟ್) ದಿನಕ್ಕೆ 20 ಮೈಕ್ರೋಗ್ರಾಂ ಸಾಕು ಅನ್ನುತ್ತದೆ. ಒಂದು ಮೈಕ್ರೋಗ್ರಾಂ ಅಂದರೆ 40 ಐಯು, ಹಾಗಾಗಿ 800. ಇದು ದೊಡ್ಡವರಿಗೇ. ಆದರೆ ಅದು ಸಲಹೆ, ಕಾನೂನಿನ ಮಿತಿ ಅಲ್ಲ. ಅದಕ್ಕೇ ಡಿಎಂ, ರೋಸ್‌ಮನ್ ಅನ್ನುವ ಡ್ರಗ್‌ಸ್ಟೋರ್‌ಗಳ ಕಪಾಟಲ್ಲಿ ಅದಕ್ಕಿಂತ ಜಾಸ್ತಿ ಇರುವುದೂ ಕಾಣುತ್ತದೆ. ಕೆಲವು ಕಂಪನಿಗಳು 5000ದ ಮಾತ್ರೆ ಮಾಡಿ "ಐದು ದಿನಕ್ಕೊಂದು" ಅಂತ ಬರೆದು ದಿನದ ಲೆಕ್ಕ 1000ಕ್ಕೆ ಇಳಿಸಿಬಿಡುತ್ತವೆ. ಜಾಣತನ! ಆದರೆ ಓದದೆ ದಿನಾ ಒಂದು ನುಂಗುವವರು ಬಹಳ ಜನ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮೇಲ್ಮಿತಿ ದಿನಕ್ಕೆ 4000 ಐಯು, ಅದೂ ಊಟ, ಮಾತ್ರೆ ಎಲ್ಲಾ ಸೇರಿ. ವಾರಕ್ಕೆ 60,000 ಅಂದರೆ ದಿನಕ್ಕೆ 8,500 ದಾಟುತ್ತದೆ. ಅದು ಕೊರತೆ ತುಂಬಿಸಲು ಕೆಲವು ವಾರಕ್ಕೆ ಡಾಕ್ಟರ್ ಕೊಡುವ ಡೋಸ್, ವರ್ಷಪೂರ್ತಿ ತೆಗೆದುಕೊಳ್ಳುವುದಲ್ಲ. ನಮ್ಮೂರಲ್ಲಿ ಎಂಟು ವಾರಕ್ಕೆ ಬರೆದ ಚೀಟಿ ಎರಡು ವರ್ಷ ಓಡುತ್ತದೆ, ಮೆಡಿಕಲ್ ಶಾಪಲ್ಲಿ ಯಾರೂ ಕೇಳುವುದಿಲ್ಲ ಅಲ್ವಾ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ದೇಹದಲ್ಲೇ ಕೂರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿಗೆ ತೊಂದರೆ.

ನಿಮಗೆ ನಿಜವಾಗಲೂ ಕೊರತೆ ಇದ್ದರೆ ಇಲ್ಲೂ ದೊಡ್ಡ ಡೋಸ್ ಇದೆ. 20,000 ಐಯು ಕ್ಯಾಪ್ಸೂಲ್, ಹೆಸರು ಡೆಕ್ರಿಸ್ಟಾಲ್. ಆದರೆ ಚೀಟಿ ಬೇಕೇ ಬೇಕು. ಹೌಸ್‌ಆರ್ಟ್ಸ್ಟ್ (ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ, ಹಳೇ ರಿಪೋರ್ಟ್ ತೋರಿಸಿ, ಮೊದಲು ಎಷ್ಟು ತಗೊಂಡಿದ್ದಿರಿ ಅಂತ ಮುಚ್ಚಿಡದೆ ಹೇಳಿ. ರಕ್ತ ಪರೀಕ್ಷೆಗೆ ಕಾರಣ ಇದ್ದರೆ ಮಾತ್ರ ಸರ್ಕಾರಿ ವಿಮೆ ದುಡ್ಡು ಕೊಡುತ್ತದೆ. ಸುಮ್ನೆ ನೋಡಿಸಬೇಕು ಅಂದರೆ ಸುಮಾರು 20ರಿಂದ 30 ಯೂರೋ ನಿಮ್ಮ ಕೈಯಿಂದ.

ಹಾಸನ_ಟು_ಮ್ಯೂನಿಕ್

ಅಕ್ಕ, ತುಂಬಾ ಥ್ಯಾಂಕ್ಸ್. ಐಯು, ಮೈಕ್ರೋಗ್ರಾಂ ಲೆಕ್ಕ ಈಗ ಅರ್ಥ ಆಯಿತು. ಬಿಸಿಲಿಗೆ ನಿಂತರೆ ಸಾಲದಾ? ಇಲ್ಲಿ ಆಫೀಸಲ್ಲಿ ಎಲ್ಲರೂ "ಹೊರಗೆ ನಡೆ, ಸರಿ ಹೋಗುತ್ತದೆ" ಅನ್ನುತ್ತಾರೆ.

ಔಷಧಿ_ಅಂಗಡಿ_ಅಕ್ಕ

ನಡೆಯಿರಿ, ಮನಸ್ಸಿಗೆ ಒಳ್ಳೆಯದು. ಆದರೆ ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಮ್ಯೂನಿಕ್ 48ರಲ್ಲಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಬಿಸಿಲು ಓರೆಯಾಗಿ ಬೀಳುತ್ತದೆ, ಚರ್ಮದಲ್ಲಿ ಡಿ ತಯಾರಾಗುವಷ್ಟು ಯುವಿಬಿ ಕಿರಣ ನೆಲಕ್ಕೆ ಮುಟ್ಟುವುದಿಲ್ಲ. ನಮ್ಮ ಬಣ್ಣದ ಚರ್ಮಕ್ಕೆ ಬೇಸಿಗೆಯಲ್ಲೂ ಜಾಸ್ತಿ ಹೊತ್ತು ಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅಂತೂ ನೇರವಾಗಿ ಹೇಳುತ್ತದೆ: ಅಲ್ಲಿ ಎಲ್ಲರಿಗೂ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ದಕ್ಷಿಣ ಏಷ್ಯಾದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಿ ಅಂತ.

ಸೊಪ್ಪಿನ_ಸಾರು

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿ ಡಿ3 ಅಂದರೆ ಬಹಳಷ್ಟು ಕುರಿ ಉಣ್ಣೆಯ ಲ್ಯಾನೊಲಿನ್‌ನಿಂದ ತೆಗೆದದ್ದು. ಕುರಿ ಸಾಯುವುದಿಲ್ಲ, ಹಾಗಾಗಿ ಕೆಲವರಿಗೆ ಪರವಾಗಿಲ್ಲ. ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದದ್ದು ಸಿಗುತ್ತದೆ, ಡಬ್ಬದ ಮೇಲೆ ವೀಗನ್ ಅಂತ ಇರುತ್ತದೆ. ಹೌದು, ಬಿಸಿಬೇಳೆಬಾತ್ ಪುಡಿಗೆ ಹಾಕುವ ಕಲ್ಲುಹೂವಿನ ನೆಂಟರೇ. ಹಾಗಂತ ಬಾತ್ ಜಾಸ್ತಿ ತಿಂದರೆ ಡಿ ಬರುವುದಿಲ್ಲ, ಕೇಳಬೇಡಿ 😄

ದೊಡ್ಡ ಕಿರಿಕಿರಿ ಜೆಲಾಟಿನ್. ಮೆತ್ತನೆ ಕ್ಯಾಪ್ಸೂಲ್ ಅಂದರೆ ಹಂದಿ ಅಥವಾ ದನದ ಜೆಲಾಟಿನ್ ಅಂತಲೇ ಅಂದುಕೊಂಡು ಹಿಂದೆ ತಿರುಗಿಸಿ ಓದಿ. ಭಾರತದ ಹಸಿರು ಚುಕ್ಕೆ ಇಲ್ಲಿ ಇಲ್ಲ. ಗಟ್ಟಿ ಮಾತ್ರೆ ಅಥವಾ ಹನಿ ತೆಗೆದುಕೊಂಡರೆ ತಲೆನೋವಿಲ್ಲ. ಒಮೆಗಾ 3 ಮೀನಿನೆಣ್ಣೆ ಬದಲು ಪಾಚಿ ಎಣ್ಣೆ ಇದೆ, ಬೆಲೆ ಸ್ವಲ್ಪ ಜಾಸ್ತಿ.

ಬಿ12 ಊರಿಂದ ತರುವ ಅಗತ್ಯವೇ ಇಲ್ಲ, ಯಾವ ಡ್ರಗ್‌ಸ್ಟೋರಿಗೆ ಹೋದರೂ ಸಿಗುತ್ತದೆ. ಮನೆಯಲ್ಲಿ ಯಾರಾದರೂ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅವರ ಬಿ12 ಪರೀಕ್ಷೆ ಮಾಡಿಸಿ, ಆ ಮಾತ್ರೆ ಬಿ12 ಇಳಿಸುತ್ತದೆ.

ಜಿಮ್_ಗುರು_ಬರ್ಲಿನ್

ಬಾಸ್, ವೇ ಪ್ರೋಟೀನ್ ಊರಿಂದ ತರಬಹುದಾ? ಅಣ್ಣ ಮುಂದಿನ ತಿಂಗಳು ಬರುತ್ತಿದ್ದಾನೆ.

ಫ್ರಾಂಕ್‌ಫರ್ಟ್_ಮಾವ

ವೇ ಅಂದರೆ ಹಾಲಿನದ್ದು ಕಣಪ್ಪ. ಭಾರತದಿಂದ ಹಾಲು, ಮಾಂಸದ ಪದಾರ್ಥ ಪ್ರಯಾಣಿಕರು ಯುರೋಪಿಗೆ ತರುವ ಹಾಗಿಲ್ಲ. ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಎಲ್ಲರೂ ತರುತ್ತಾರೆ ಅಂತ ಹೇಳಬೇಡ, ಸಿಕ್ಕಿಹಾಕಿಕೊಂಡವರು ಗ್ರೂಪಲ್ಲಿ ಬರೆಯುವುದಿಲ್ಲ ಅಷ್ಟೇ. ಬರ್ಲಿನ್ನಲ್ಲಿ ಕೂತು ಪ್ರೋಟೀನ್ ಪುಡಿಗೆ ಊರಿಗೆ ಯಾಕೆ ಹೋಗಬೇಕು?

ರೈನ್_ದಂಡೆ

ಪ್ರೋಟೀನ್, ಕ್ರಿಯಾಟಿನ್ ಎರಡೂ ಇಲ್ಲೇ ಸಾಮಾನ್ಯ ಅಂಗಡಿಯಲ್ಲಿ ಸಿಗುತ್ತವೆ. ಸ್ಪರ್ಧೆಗೆ ಆಡುವವರಾದರೆ ಕ್ಯೋಲ್ನರ್ ಲಿಸ್ಟೆ ನೋಡಿ, ಡೋಪಿಂಗ್ ಪದಾರ್ಥಕ್ಕೆ ಪರೀಕ್ಷೆ ಮಾಡಿಸಿದ ಉತ್ಪನ್ನಗಳ ಪಟ್ಟಿ ಅದು. ಪ್ರೀ ವರ್ಕೌಟ್ ಅಂತ ಯಾವ್ಯಾವುದೋ ಸೈಟಿಂದ ತರಿಸುವುದು ಮಾತ್ರ ಬೇಡ. ಡಿಎಂಎಎ ಅನ್ನುವ ಉತ್ತೇಜಕ ಅಮೆರಿಕದಲ್ಲೇ ಪೂರಕಗಳಲ್ಲಿ ಹಾಕುವಂತಿಲ್ಲ, ಆದರೂ ಮಾರುವವರು ಇದ್ದಾರೆ.

ಪಂಡಿತರ_ಮೊಮ್ಮಗ

ಎಲ್ಲಾ ಓದಿದೆ. ವಿಟಮಿನ್ ಮಾತ್ರೆಗೆ ಇಷ್ಟು ನಿಯಮ ಇರಲಿ, ಆದರೆ ತ್ರಿಫಲಕ್ಕೂ ಅಶ್ವಗಂಧಕ್ಕೂ ಯಾಕೆ? ನಮ್ಮ ತಾತ ನಾಟಿ ವೈದ್ಯರು. ತಲೆಮಾರಿನಿಂದ ಕೊಡುತ್ತಿದ್ದ ಚೂರ್ಣ ಇವರಿಗೆ ಅಪಾಯ ಆಯಿತು, ಇವರ ಅಂಗಡಿಯಲ್ಲಿ ಸಾಲು ಸಾಲು ಬಿಯರ್ ಅಪಾಯ ಅಲ್ಲ. ಇದು ನಮ್ಮದನ್ನು ಕೀಳಾಗಿ ನೋಡುವುದು ಅಷ್ಟೇ.

ಔಷಧಿ_ಅಂಗಡಿ_ಅಕ್ಕ

ಕೋಪ ಅರ್ಥ ಆಗುತ್ತದೆ. ಆದರೆ ಚೂರ್ಣ ಒಂದು, ರಸೌಷಧ ಇನ್ನೊಂದು. ನಿಮ್ಮ ತಾತನಿಗೆ ಈ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ರಸೌಷಧ, ಭಸ್ಮಗಳಲ್ಲಿ ಪಾದರಸ, ಸೀಸ ಬೇಕೆಂದೇ ಸೇರಿರುತ್ತದೆ, ಶುದ್ಧಿ ಮಾಡಿ ಕೊಡುತ್ತಾರೆ ಅನ್ನುವುದು ಶಾಸ್ತ್ರದ ಮಾತು. ಪೊಟ್ಟಣ ಕೈಗೆ ಬಂದಾಗ ಯಾರು ಹೇಗೆ ಶುದ್ಧಿ ಮಾಡಿದರು ಅಂತ ನಿಮಗೂ ನನಗೂ ತಿಳಿಯುವುದಿಲ್ಲ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೋಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನ ಪರೀಕ್ಷೆ ಮಾಡಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಐದಕ್ಕೆ ಒಂದು. 2011–12ರಲ್ಲಿ ನ್ಯೂಯಾರ್ಕಿನಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿತ್ತು, ಎಲ್ಲರೂ ಭಾರತದ ಆಯುರ್ವೇದ ಮಾತ್ರೆ ತೆಗೆದುಕೊಂಡಿದ್ದವರು. ಕೀಳಾಗಿ ನೋಡುವುದು ಅಂತ ಇದನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ, ಕೌಂಟರ್ ಮುಂದೆ ಬಂದು ನಿಲ್ಲುವವರು ನಮ್ಮ ಹುಡುಗಿಯರೇ.

ಹಾಸನದ ಹುಡುಗಿ, ಆ ಲೇಬಲ್ ಇಲ್ಲದ ಲೇಹ್ಯ ಅಲ್ಲೇ ಬಿಡಿ. ಅತ್ತೆಗೆ ಏನು ಹೇಳಬೇಕು ಅನ್ನುವುದು ನನ್ನ ವ್ಯಾಪ್ತಿಗೆ ಬರುವುದಿಲ್ಲ 🙂

ಪಂಡಿತರ_ಮೊಮ್ಮಗ

ಐದಕ್ಕೆ ಒಂದು ಅಂದರೆ ನಾಲ್ಕು ಸರಿ ಇತ್ತು ಅಂತಲೂ ಆಯಿತಲ್ಲ. ಆದರೆ ಗರ್ಭಿಣಿಯರ ವಿಷಯ ಒಪ್ಪುತ್ತೇನೆ. ಅಶ್ವಗಂಧದ ಕಥೆ ಏನು? ಅದರಲ್ಲಿ ಲೋಹ ಇಲ್ಲ.

ರೈನ್_ದಂಡೆ

ಅಶ್ವಗಂಧ ದೇಶಕ್ಕೊಂದು ಥರ. ಡೆನ್ಮಾರ್ಕ್ 2023ರಲ್ಲಿ ಆಹಾರ, ಪೂರಕಗಳಲ್ಲಿ ನಿಷೇಧ ಮಾಡಿತು, ಥೈರಾಯ್ಡ್ ಮತ್ತು ಗರ್ಭದ ಮೇಲೆ ಪರಿಣಾಮ ಆಗಬಹುದು ಅಂತ. ಆ ತೀರ್ಮಾನ ಒಪ್ಪದವರೂ ಇದ್ದಾರೆ. ಜರ್ಮನಿಯಲ್ಲಿ ನಿಷೇಧ ಇಲ್ಲ, ಮಾರುತ್ತಾರೆ. ಆದರೆ 2024ರಲ್ಲಿ ಬಿಎಫ್‌ಆರ್ ಎಚ್ಚರಿಕೆ ಕೊಟ್ಟಿತು. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಲಿವರ್ ತೊಂದರೆ ಇರುವವರು ತೆಗೆದುಕೊಳ್ಳಬಾರದು ಅಂತ. ಹ್ಯಾಂಬರ್ಗಿನಿಂದ ಕೋಪನ್‌ಹೇಗನ್‌ಗೆ ರೈಲಲ್ಲಿ ಹೋಗುವಷ್ಟರಲ್ಲಿ ಪೂರಕ ಹೋಗಿ ನಿಷೇಧಿತ ವಸ್ತು ಆಗಿರುತ್ತದೆ!

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೆಲವು ಲೇಹ್ಯ, ತೈಲದಲ್ಲಿ ಕೋಷ್ಠ, ಜಟಾಮಾಂಸಿ ಇರುತ್ತದೆ. ಎರಡೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಗಿಡಗಳು. ಕೋಷ್ಠಕ್ಕಂತೂ ಅತಿ ಬಿಗಿ. ಹಾಗಾಗಿ ಔಷಧ ಕಾನೂನು ದಾಟಿದರೂ ಅಲ್ಲಿ ಸಿಕ್ಕಿಬೀಳಬಹುದು.

ಟೊರೊಂಟೊ_ಟೀ_ಕಪ್

ಕೆನಡಾದವರಿಗೆ ಇದು ಸುಲಭ. 2004ರ ಜನವರಿಯಿಂದ ಇಲ್ಲಿ ವಿಟಮಿನ್, ಗಿಡಮೂಲಿಕೆ ಎಲ್ಲಾ ನ್ಯಾಚುರಲ್ ಹೆಲ್ತ್ ಪ್ರಾಡಕ್ಟ್ ಅಂತ ಒಂದೇ ಗುಂಪು. ಪರವಾನಗಿ ಸಿಕ್ಕಿದ ಉತ್ಪನ್ನಕ್ಕೆ ಎಂಟು ಅಂಕಿಯ ಎನ್‌ಪಿಎನ್ ನಂಬರ್ ಇರುತ್ತದೆ. ಆ ನಂಬರನ್ನು ಹೆಲ್ತ್ ಕೆನಡಾ ಸೈಟಲ್ಲಿ ಹಾಕಿದರೆ ಏನಿದೆ, ಎಷ್ಟಿದೆ, ಯಾರದ್ದು ಎಲ್ಲಾ ಬರುತ್ತದೆ. ಬ್ರಾಂಪ್ಟನ್, ಸ್ಕಾರ್ಬರೋ ಇಂಡಿಯನ್ ಅಂಗಡಿಯಲ್ಲಿ ಚೂರ್ಣ ತೆಗೆದುಕೊಂಡಾಗ ಡಬ್ಬದ ಮೇಲೆ ಎನ್‌ಪಿಎನ್ ಇದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ಇಡಿ. ಸ್ವಂತ ಬಳಕೆಗೆ ತರುವುದು 90 ದಿನದ್ದು.

ಮೆಲ್ಬರ್ನ್_ಮಂಜ

ಆಸ್ಟ್ರೇಲಿಯಾದಲ್ಲಿ ಡಬ್ಬದ ಮೇಲೆ ಆಸ್ಟ್ ಎಲ್ ಅಂತ ನಂಬರ್ ಇರಬೇಕು, ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಟಿಜಿಎ ಪಟ್ಟಿಯಲ್ಲಿದೆ ಅಂತ ಅರ್ಥ. ಇಲ್ಲಿ ಜರ್ಮನಿ ಥರ ಪೋಸ್ಟಿಗೆ ಪೂರ್ತಿ ಬಾಗಿಲು ಹಾಕಿಲ್ಲ. ಸ್ವಂತಕ್ಕೆ ಒಂದು ಸಲಕ್ಕೆ ಮೂರು ತಿಂಗಳ ಡೋಸ್ ತರಿಸಬಹುದು, ವರ್ಷಕ್ಕೆ ಒಟ್ಟು 15 ತಿಂಗಳದ್ದು ದಾಟಬಾರದು, ಬೇರೆಯವರಿಗೆ ಕೊಡಬಾರದು. ಚೀಟಿ ಬೇಕಾದ ಔಷಧಕ್ಕೆ ಚೀಟಿ ಬೇಕು. ಏರ್‌ಪೋರ್ಟಲ್ಲಿ ಮಾತ್ರ ಕಾರ್ಡಲ್ಲಿ ಎಲ್ಲವನ್ನೂ ಬರೆಯಿರಿ. ಚೂರ್ಣ, ಬೇರು, ಬೀಜ ಎಲ್ಲಾ. ಬರೆದು ತೋರಿಸಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟರೆ ದಂಡ.

ದುಬೈ_ದಾವಣಗೆರೆ

ನಮ್ಮ ಕಡೆಯವರಿಗೆ ಒಂದೇ ಮಾತು. ಗಸಗಸೆ ತರಬೇಡಿ. ಪಾಯಸಕ್ಕೆ ಅಂತ ಕಾಲು ಕೆಜಿ ಬ್ಯಾಗಲ್ಲಿ ಇಟ್ಟುಕೊಳ್ಳುವುದು ಇಲ್ಲಿ ಮಾದಕ ವಸ್ತು ಕೇಸ್ ಆಗುತ್ತದೆ, ತಮಾಷೆ ಅಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಕೂಡ ಹಾಗೇ, ಮೊದಲೇ ಅನುಮತಿ ಬೇಕು. ಯಾರಾದರೂ "ನಮ್ಮ ಹುಡುಗನಿಗೆ ಈ ಪೊಟ್ಟಣ ಕೊಟ್ಟುಬಿಡಿ" ಅಂದರೆ, ಸಂಬಂಧಿಕರೇ ಆಗಿರಲಿ, ಒಳಗೆ ಏನಿದೆ ನೋಡದೆ ಹಿಡಿಯಬೇಡಿ.

ಜರ್ಸಿ_ಜಯಣ್ಣ

ಅಮೆರಿಕದಲ್ಲಿ ಎಲ್ಲಾ ಸಿಗುತ್ತದೆ ಅಂತ ಹೊಟ್ಟೆಕಿಚ್ಚು ಪಡಬೇಡಿ. 1994ರ ಕಾಯ್ದೆ ಪ್ರಕಾರ ಇಲ್ಲಿ ಪೂರಕ ಮಾರಾಟಕ್ಕೆ ಬರುವ ಮೊದಲು ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ತೊಂದರೆ ಆದಮೇಲೆ ಬರುತ್ತಾರೆ. ಹಾಗಾಗಿ ಡಬ್ಬದ ಮೇಲೆ ಯುಎಸ್‌ಪಿ ಗುರುತು ಇರುವುದನ್ನೇ ಕೊಳ್ಳುವುದು ನನ್ನ ಪದ್ಧತಿ, ಒಳಗೆ ಇರುವುದು ಹೊರಗೆ ಬರೆದಷ್ಟೇ ಇದೆಯಾ ಅಂತ ಪರೀಕ್ಷೆ ಮಾಡಿರುತ್ತಾರೆ. ಇನ್ನೊಂದು, ಇಲ್ಲಿನ ಗಮ್ಮಿ ಮೆಲಟೋನಿನ್ ಲಂಡನ್ನಿನ ಅಕ್ಕನ ಮಗಳಿಗೆ ಅಂತ ಗಿಫ್ಟ್ ಒಯ್ಯಬೇಡಿ, ಬ್ರಿಟನ್ನಿನಲ್ಲಿ ಅದು ಚೀಟಿಯ ಔಷಧ.

ಔಷಧಿ_ಅಂಗಡಿ_ಅಕ್ಕ

ಜಯಣ್ಣ ಹೇಳಿದ್ದು ಇಲ್ಲಿಗೂ ಸ್ವಲ್ಪ ಅನ್ವಯ ಆಗುತ್ತದೆ. ಜರ್ಮನಿಯಲ್ಲೂ ಪೂರಕಗಳಿಗೆ ಔಷಧದ ಥರ ಮಂಜೂರಾತಿ ಇಲ್ಲ. ಕಂಪನಿ ಮಾರುವ ಮುಂಚೆ ಆಹಾರ ಸುರಕ್ಷತೆ ನೋಡುವ ಬಿವಿಎಲ್ ಕಚೇರಿಗೆ ತಿಳಿಸಿದರೆ ಮುಗಿಯಿತು. ಹಾಗಾಗಿ ಅಂಗಡಿಯಲ್ಲಿ ಇದೆ ಅಂದ ಮಾತ್ರಕ್ಕೆ ನಿಮಗೆ ಒಗ್ಗುತ್ತದೆ ಅಂತಲ್ಲ. ಇಲ್ಲಿನ ಹುಡುಗಿಯರು ಮನಸ್ಸು ಸರಿ ಇಲ್ಲ ಅಂತ ಯೊಹಾನಿಸ್‌ಕ್ರೌಟ್ (ಸೇಂಟ್ ಜಾನ್ಸ್ ವರ್ಟ್) ಕೊಳ್ಳುತ್ತಾರೆ, ಗಿಡಮೂಲಿಕೆ ತಾನೇ ಅಂತ. ಅದು ಗರ್ಭನಿರೋಧಕ ಮಾತ್ರೆಯ ಕೆಲಸ ಕೆಡಿಸುತ್ತದೆ. ಕೂದಲಿಗೆ ಅಂತ ಬಯೋಟಿನ್ ತಿನ್ನುವವರು ರಕ್ತ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ, ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು. ರಕ್ತ ತೆಳು ಮಾಡುವ ಮಾರ್ಕುಮಾರ್ ತೆಗೆದುಕೊಳ್ಳುವ ಹಿರಿಯರಿಗೆ ಡಿ3 ಜೊತೆ ವಿಟಮಿನ್ ಕೆ2 ಸೇರಿದ ಡಬ್ಬ ಕೊಡಬೇಡಿ. ಕಪಾಟಲ್ಲಿ ಎರಡೂ ಪಕ್ಕ ಪಕ್ಕ ಇರುತ್ತವೆ, ನೋಡಲು ಒಂದೇ ಥರ.

ಆನ್‌ಲೈನ್ ಅಪೋಥೆಕೆಯಿಂದ ತರಿಸುವುದಾದರೆ ಸೈಟಲ್ಲಿ ಹಸಿರು ಪಟ್ಟೆ, ಬಿಳಿ ಕ್ರಾಸ್ ಇರುವ ಯುರೋಪಿಯನ್ ಗುರುತು ಹುಡುಕಿ. ಅದರ ಮೇಲೆ ಒತ್ತಿದರೆ ಸರ್ಕಾರಿ ಪಟ್ಟಿಗೆ ಹೋಗಬೇಕು. ಬರೀ ಚಿತ್ರ ಆಗಿದ್ದರೆ ಆ ಸೈಟ್ ಬಿಡಿ.

ಹಾಸನ_ಟು_ಮ್ಯೂನಿಕ್

ಅಮ್ಮನ ಡಬ್ಬ ಬಿಚ್ಚಿಸಿದೆ. ಬೈಗುಳ ಸಿಕ್ಕಿತು, ಪರವಾಗಿಲ್ಲ. ಹೌಸ್‌ಆರ್ಟ್ಸ್ಟ್ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ, ಬಿ12 ಇಲ್ಲೇ ಕೊಳ್ಳುತ್ತೇನೆ. ತ್ರಿಫಲ ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಇದೆ, ಅದು ತೆಗೆದುಕೊಳ್ಳಬಹುದಾ? ಇನ್ನೊಂದು, ಮೇ ತಿಂಗಳಲ್ಲಿ ಅಮ್ಮ ಅಪ್ಪ ಇಲ್ಲಿಗೆ ಬರುತ್ತಿದ್ದಾರೆ. ಅವರ ಬಿಪಿ, ಶುಗರ್ ಮಾತ್ರೆ ಹೇಗೆ?

ಫ್ರಾಂಕ್‌ಫರ್ಟ್_ಮಾವ

ಅಂಗಡಿಯ ಡಬ್ಬದ ಮೇಲೆ ಜರ್ಮನ್ ಲೇಬಲ್, ಯುರೋಪಿನ ಆಮದುದಾರರ ವಿಳಾಸ, ದಿನಕ್ಕೆ ಎಷ್ಟು ಅನ್ನುವುದು ಇರಬೇಕು. ಬರೀ ಹಿಂದಿ, ಇಂಗ್ಲಿಷ್ ಡಬ್ಬ ಇದ್ದರೆ ಯಾರದ್ದೋ ಸೂಟ್‌ಕೇಸಲ್ಲಿ ಬಂದದ್ದು ಅಂತ ತಿಳಿದುಕೊ.

ಅಪ್ಪ ಅಮ್ಮನ ಮಾತ್ರೆಗೆ ಹೆದರಬೇಡ. ಎಷ್ಟು ದಿನ ಇರುತ್ತಾರೋ ಅಷ್ಟಕ್ಕೆ, ಮೂರು ತಿಂಗಳು ಮೀರದ ಹಾಗೆ ತರಲಿ. ಸ್ಟ್ರಿಪ್ ಬಿಡಿಸಿ ಡಬ್ಬಿಗೆ ಸುರಿಯಬಾರದು, ಕಂಪನಿ ಪೊಟ್ಟಣದಲ್ಲೇ ಇರಲಿ. ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದ ಪತ್ರ, ಅದರಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಇಲ್ಲಿ ಹುಷಾರು ತಪ್ಪಿದರೆ ಇಲ್ಲಿನ ಡಾಕ್ಟರಿಗೆ ನಮ್ಮೂರಿನ ಬ್ರ್ಯಾಂಡ್ ಹೆಸರು ಹೇಳಿ ಏನೂ ಪ್ರಯೋಜನ ಇಲ್ಲ. ಎಲ್ಲವೂ ಕ್ಯಾಬಿನ್ ಬ್ಯಾಗಲ್ಲಿ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಇದ್ದರೆ ಅದಕ್ಕೆ ಬೇರೆ ನಿಯಮ, ಮೊದಲೇ ಇಲ್ಲಿ ಕೇಳು.

ಹಾಸನ_ಟು_ಮ್ಯೂನಿಕ್

ಅಪ್ಪನದ್ದು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಷ್ಟೇ. ಪತ್ರ ಬರೆಸುತ್ತೇನೆ.

ಸೊಪ್ಪಿನ_ಸಾರು

ಮೆಟ್‌ಫಾರ್ಮಿನ್ ಅಂದಿರಾ? ಹಾಗಾದರೆ ಬರುವ ಮೊದಲು ಅಪ್ಪನ ಬಿ12 ಅಲ್ಲೇ ಹಾಸನದಲ್ಲಿ ಪರೀಕ್ಷೆ ಮಾಡಿಸಿಬಿಡಿ. ಇಲ್ಲಿ ಪ್ರವಾಸಿ ವಿಮೆಯಲ್ಲಿ ಆ ಖರ್ಚು ಬರುವುದಿಲ್ಲ.